ತರಕಾರಿ ಪಾನೀಯಕ್ಕೆ ಜ್ಯೂಸರ್ ಬೇಕೆ, ಮಿಕ್ಸಿ ಸಾಕೆ?

ಜ್ಯೂಸರ್ ರಸವನ್ನಷ್ಟೇ ಹಿಂಡಿ ಹಿಪ್ಪೆಯನ್ನು ಹೊರಹಾಕುತ್ತದೆ. ನಾರಿನ ಬಹುಪಾಲು ಅದರೊಡನೆಯೇ ಹೋಗುತ್ತದೆ. ಬ್ಲೆಂಡರ್ ಅಥವಾ ಮಿಕ್ಸಿಯಲ್ಲಿ ಅರೆದು ಸೋಸದೆ ಕುಡಿದರೆ ನಾರು ಉಳಿಯುತ್ತದೆ. ಒಂದು ಲೋಟ ಕ್ಯಾರೆಟ್ ರಸಕ್ಕೆ ನಾಲ್ಕೈದು ಕ್ಯಾರೆಟ್ ಬೇಕಾಗುವುದರಿಂದ ಸಕ್ಕರೆಯ ಅಂಶವೂ ಹೆಚ್ಚುತ್ತದೆ. ಮಧುಮೇಹವುಳ್ಳವರಿಗೆ ಸೋಸದ ಪಾನೀಯವೇ ಮೇಲು. ತಿಳಿರಸವೇ ಬೇಕೆನ್ನುವವರಿಗೆ ಜ್ಯೂಸರ್ ಸರಿ, ಆದರೆ ಅದನ್ನು ತೊಳೆಯುವ ಕೆಲಸ ಚಿಕ್ಕದಲ್ಲ.

ಯಂತ್ರ ಯಾವುದಾದರೂ ಸೋರೆಕಾಯಿಯ ವಿಷಯದಲ್ಲಿ ಎಚ್ಚರ ಅಗತ್ಯ. ಕಹಿ ಸೋರೆಯಲ್ಲಿರುವ ಕುಕುರ್ಬಿಟಾಸಿನ್ ವಾಂತಿ, ರಕ್ತಸ್ರಾವ, ಕೆಲವೊಮ್ಮೆ ಸಾವಿಗೂ ಕಾರಣವಾಗಿದೆ. ಚೂರೊಂದನ್ನು ಮೊದಲು ರುಚಿ ನೋಡಿ, ಕಹಿಯಿದ್ದರೆ ಎಸೆಯಬೇಕು. ಬೇರೆ ರಸದೊಡನೆ ಬೆರೆಸಬಾರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಸೂಚಿಸಿದೆ. ಬೆರೆಸಿದರೆ ಕಹಿ ಮರೆಯಾಗಬಹುದು. ಕುಡಿದ ಬಳಿಕ ವಾಂತಿ, ಹೊಟ್ಟೆನೋವು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.