ನುಚ್ಚಿನಿಂದ ಹಿಟ್ಟಿಗೆ: ಕಬ್ಬಿಣದ ಫಾಸ್ಫೇಟ್ ಬ್ಯಾಟರಿಯ ಚರಿತ್ರೆ

ಕನ್ನಡ ಎಂ.ಎ. ಓದುವವಳು ಬ್ಯಾಟರಿ ವಿಷಯ ಯಾಕೆ ತಗೊಂಡಳು ಅಂತ ಕೆಲವರಿಗೆ ಅನ್ನಿಸಬಹುದು. ನಮ್ಮ ಹೊಸೂರಿನಲ್ಲಿ ಈಗ ಏಥರ್ ಕಂಪನಿಯ ವಿದ್ಯುತ್ ಸ್ಕೂಟರು, ಅದರ ಬ್ಯಾಟರಿ ಪ್ಯಾಕು ಎರಡೂ ತಯಾರಾಗುತ್ತವೆ. ಊರಿನವರು ದುಡಿಯುವ ವಸ್ತುವಿನ ಚರಿತ್ರೆ ಮನೆಮಾತಿಗೆ ಬರದೆ ಹೋದರೆ, ಗಡಿಯಲ್ಲಿ ಕನ್ನಡಕ್ಕೆ ಉಳಿಯೋದು ಹಬ್ಬ, ಹಾಡು ಅಷ್ಟೆ. ಹಾಗಾಗಿ ಒಂದೇ ಒಂದು ವಸ್ತುವಿನ ಕಥೆ ಹೇಳ್ತೀನಿ.

ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಲಿಥಿಯಂ ಒಂದು ವಿದ್ಯುದ್ವಾರದಿಂದ ಇನ್ನೊಂದಕ್ಕೆ ಹೋಗಿಬರುತ್ತದೆ. ಸೋನಿ 1991ರಲ್ಲಿ ಮಾರುಕಟ್ಟೆಗೆ ತಂದ ಬ್ಯಾಟರಿಯ ಧನ ವಿದ್ಯುದ್ವಾರ ಕೋಬಾಲ್ಟಿನ ಆಕ್ಸೈಡು, ಕೋಬಾಲ್ಟ್ ದುಬಾರಿ. 1997ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್ ಮೂವರೂ ಸೇರಿ ಲಿಥಿಯಂ ಕಬ್ಬಿಣದ ಫಾಸ್ಫೇಟ್ ಬಗ್ಗೆ ಬರೆದರು. ಅಗ್ಗ, ವಿಷವಲ್ಲ. ಆದರೆ ಇದ್ದ ಲಿಥಿಯಂನಲ್ಲಿ ಸುಮಾರು ಶೇ. 60 ಮಾತ್ರ ಹೊರಗೆ ಬರುತ್ತಿತ್ತು, ಅದೂ ನಿಧಾನಕ್ಕೆ. ಕಡಿಮೆ ಶಕ್ತಿ ಬೇಡುವ ಉಪಕರಣಗಳಿಗೆ ಇದು ತಕ್ಕದ್ದು ಎಂದು ಅವರೇ ಬರೆದಿದ್ದರು.

ಕಾರಣ ಎರಡು. ಈ ವಸ್ತುವಿನೊಳಗೆ ವಿದ್ಯುತ್ ಹರಿಯುವುದು ಕೋಬಾಲ್ಟ್ ಆಕ್ಸೈಡಿಗಿಂತ ಲಕ್ಷಾಂತರ ಪಟ್ಟು ಕಡಿಮೆ. ಮತ್ತೆ, ಲಿಥಿಯಂ ಸಾಗುವ ದಾರಿ ಒಂದೇ ದಿಕ್ಕಿನ ಓಣಿ. ನಡುವೆ ಏನಾದರೂ ಅಡ್ಡ ಬಂದರೆ ಹಿಂದಿನದೆಲ್ಲ ಸಿಕ್ಕಿಕೊಂಡ ಹಾಗೆ.

ರಾಗಿ ನಾಡಿನವರಿಗೆ ಪರಿಹಾರ ಬಿಡಿಸಿ ಹೇಳಬೇಕಿಲ್ಲ. ನುಚ್ಚು ಬೇಯೋಕೆ ಹೊತ್ತು ಬೇಕು, ಹಿಟ್ಟು ಬೇಗ ಬೇಯುತ್ತೆ. ಕಣದ ಗಾತ್ರ ಹತ್ತರಲ್ಲಿ ಒಂದಾದರೆ ಲಿಥಿಯಂ ಹೊರಬರುವ ಕಾಲ ಸುಮಾರು ನೂರರಲ್ಲಿ ಒಂದಾಗುತ್ತದೆ. 1999ರಲ್ಲಿ ನತಾಲಿ ರವೆ, ಮಿಷೆಲ್ ಅರ್ಮಾಂ ಮತ್ತು ಸಂಗಡಿಗರು ಕಣಗಳಿಗೆ ಇಂಗಾಲದ ತೆಳು ಪೊರೆ ಹೊದಿಸಿ ತೋರಿಸಿದರು. ಸಕ್ಕರೆಯಂಥ ಪದಾರ್ಥ ಬೆರೆಸಿ ಗಾಳಿಯಾಡದಂತೆ ಕಾಯಿಸಿದರೆ ಆ ಪೊರೆ ಕೂರುತ್ತದೆ. 2001ರಲ್ಲಿ ಕೆನಡಾದ ಲಿಂಡಾ ನಜಾರ್ ತಂಡ ನ್ಯಾನೋ ಕಣ, ಇಂಗಾಲ ಎರಡನ್ನೂ ಕೂಡಿಸಿ ಶೇ. 90ರಷ್ಟು ಸಾಮರ್ಥ್ಯ ಪಡೆಯಿತು.

2002ರಲ್ಲಿ ಎಂ.ಐ.ಟಿ.ಯ ಯೆಟ್-ಮಿಂಗ್ ಚಿಯಾಂಗ್ ತಂಡ ಬೇರೆ ಮಾತು ಹೇಳಿತು: ಬೇರೆ ಲೋಹವನ್ನು ಚೂರು ಬೆರೆಸಿದರೆ ವಸ್ತುವಿನ ಒಳಗೇ ವಿದ್ಯುತ್ ಹರಿಯುತ್ತದೆ. ಅರ್ಮಾಂ ಕಡೆಯವರು ಒಪ್ಪಲಿಲ್ಲ, ಅದು ಉಳಿದ ಇಂಗಾಲದ ಕೆಲಸ ಎಂದರು. ಕಣಗಳ ಅಂಚಿನಲ್ಲಿ ಲೋಹದ ಫಾಸ್ಫೈಡಿನ ಬಲೆ ಇದೆ ಎಂದು ನಜಾರ್ ತಂಡ 2004ರಲ್ಲಿ ತೋರಿಸಿತು. ಗ್ರಂಥಸಂಪಾದನೆಯ ಪಾಠಾಂತರ ಜಗಳಗಳನ್ನು ಓದಿದ ನಮಗೆ ಇದು ಹೊಸದಲ್ಲ. ನನಗೆ ನಜಾರ್ ತಂಡದ ಪಾಠವೇ ಹೆಚ್ಚು ಒಪ್ಪಿಗೆ, ಯಾಕಂದ್ರೆ ಅವರು ಬಲೆ ಇರುವ ಜಾಗವನ್ನೇ ತೋರಿಸಿದರು.

ವ್ಯಾಪಾರ ತೀರ್ಪಿಗೆ ಕಾಯಲಿಲ್ಲ. ಚಿಯಾಂಗ್ ಜೊತೆಗೂಡಿ ಸ್ಥಾಪಿಸಿದ ಎ123 ಕಂಪನಿಯ ನ್ಯಾನೋ ಫಾಸ್ಫೇಟ್ ಕೋಶಗಳು 2006ರ ಹೊತ್ತಿಗೆ ಡಿವಾಲ್ಟ್ ಡ್ರಿಲ್ ಯಂತ್ರಗಳನ್ನು ತಿರುಗಿಸುತ್ತಿದ್ದವು. ಕಡಿಮೆ ಶಕ್ತಿಗೆ ಮಾತ್ರ ಅನ್ನಿಸಿಕೊಂಡಿದ್ದ ವಸ್ತು ಗೋಡೆ ಕೊರೆಯಿತು!

ಹಿಟ್ಟಿಗೆ ಹಿಟ್ಟಿನ ತೊಂದರೆಗಳೂ ಉಂಟು. ಮೇಲ್ಮೈ ಹೆಚ್ಚಿದಷ್ಟು ಬೇಡದ ರಾಸಾಯನಿಕ ಕ್ರಿಯೆ ಹೆಚ್ಚು. ಒತ್ತಿ ತುಂಬಿದರೂ ಡಬ್ಬಿಯಲ್ಲಿ ಹಿಡಿಯೋದು ಕಡಿಮೆ. ಎ123 ಕಂಪನಿ 2012ರಲ್ಲಿ ದಿವಾಳಿಯಾಯಿತು. ಮರುವರ್ಷ ಅದನ್ನು ಕೊಂಡದ್ದು ಚೀನಾದ ವಾನ್‌ಶಿಯಾಂಗ್. ಇವತ್ತು ಈ ಫಾಸ್ಫೇಟಿನ ಬಹುಪಾಲು ತಯಾರಾಗುವುದೂ ಚೀನಾದಲ್ಲೇ.