ಕಿರುತೆರೆಯ ವೈದ್ಯರನ್ನು ನಾವು ನಂಬುವುದೇಕೆ?

ಬಿಳಿ ಕೋಟು, ಕೊರಳಿಗೆ ಸ್ಟೆತಾಸ್ಕೋಪು, ಪಕ್ಕದಲ್ಲಿ ಸದ್ದು ಮಾಡುವ ಒಂದು ಯಂತ್ರ. ಇಷ್ಟಿದ್ದರೆ ಕಿರುತೆರೆಯಲ್ಲಿ ಯಾವ ನಟನೂ ವೈದ್ಯನಾಗಬಹುದು. ಆದರೆ ನೋಡುವವರು ಅವನನ್ನು ನಂಬಬೇಕಲ್ಲ! ಆಸ್ಪತ್ರೆಯ ಧಾರಾವಾಹಿಗಳು ಈ ನಂಬಿಕೆಯನ್ನು ಗಳಿಸಿದ ಬಗೆಗೆ ಒಂದು ಇತಿಹಾಸವೇ ಇದೆ. ಅದರ ಮುಖ್ಯ ಅಧ್ಯಾಯಗಳು ಅಮೆರಿಕದಲ್ಲಿ ನಡೆದವು. ಆದ್ದರಿಂದ ನೀವು ಸ್ವಲ್ಪ ಹೊತ್ತು ಅಲ್ಲಿಗೇ ಬರಬೇಕು.

1954ರಲ್ಲಿ ಅಲ್ಲಿ ‘ಮೆಡಿಕ್’ ಎಂಬ ಧಾರಾವಾಹಿ ಆರಂಭವಾಯಿತು. ಅದರ ಲೇಖಕ ಜೇಮ್ಸ್ ಮೋಸರ್‌ಗೆ ಎಲ್ಲವೂ ನಿಜದಂತೆಯೇ ಇರಬೇಕೆಂಬ ಹಟ. ಚಿತ್ರೀಕರಣ ನಿಜವಾದ ಆಸ್ಪತ್ರೆಗಳಲ್ಲೇ ನಡೆಯಿತು. ಲಾಸ್ ಏಂಜಲೀಸ್‌ನ ವೈದ್ಯರ ಸಂಘ ಕಥೆಗಳನ್ನು ಪರಿಶೀಲಿಸಿತು. 1961ರಲ್ಲಿ ಬಂದ ‘ಡಾಕ್ಟರ್ ಕಿಲ್ಡೇರ್’ ಮತ್ತು ‘ಬೆನ್ ಕೇಸಿ’ ಧಾರಾವಾಹಿಗಳಿಗೂ ವೈದ್ಯ ಸಂಸ್ಥೆಯ ಸಲಹಾ ಸಮಿತಿಯ ನೆರವಿತ್ತು. ಉಪಕರಣ ಸರಿ, ಔಷಧದ ಹೆಸರು ಸರಿ. ಆದರೆ ಈ ನೆರವಿಗೆ ಒಂದು ಬೆಲೆ ತೆರಬೇಕಾಗಿತ್ತು. ವೈದ್ಯರ ಘನತೆಗೆ ಕುಂದು ಬರುವಂತಿರಲಿಲ್ಲ. ಹೀಗಾಗಿ ಕತ್ತರಿ ಹಿಡಿದ ಕೈ ನಿಜ, ಕೈಯ ಹಿಂದಿನ ಮನುಷ್ಯ ಮಾತ್ರ ದೇವರು! ಜನ ಆ ದೇವರನ್ನೂ ನಂಬಿದರೆನ್ನಿ. 1969ರಲ್ಲಿ ಆರಂಭವಾದ ‘ಮಾರ್ಕಸ್ ವೆಲ್ಬಿ’ಯ ನಾಯಕ ಪಾತ್ರಧಾರಿಗೆ ಮೊದಲ ಐದು ವರ್ಷಗಳಲ್ಲಿ ಎರಡೂವರೆ ಲಕ್ಷ ಪತ್ರಗಳು ಬಂದವೆಂದು ಸಂಶೋಧಕರು ದಾಖಲಿಸಿದ್ದಾರೆ. ಅವುಗಳಲ್ಲಿ ಹೆಚ್ಚಿನವು ತಮ್ಮ ಕಾಯಿಲೆಗೆ ಸಲಹೆ ಕೇಳಿ ಬರೆದಂಥವು. ಬರೆದದ್ದು ಒಬ್ಬ ನಟನಿಗೆ ಎಂಬುದನ್ನು ಗಮನಿಸಿ.

1982ರ ‘ಸೇಂಟ್ ಎಲ್ಸ್‌ವೇರ್’ ಈ ಚಿತ್ರವನ್ನು ಕೆಡಿಸಿತು. ಅಲ್ಲಿ ಆಸ್ಪತ್ರೆಯೇ ಬಡವಾದದ್ದು, ವೈದ್ಯರು ದಣಿದವರು. ಆದರೆ ನಿಜವಾದ ತಿರುವು ಬಂದದ್ದು 1994ರ ಸೆಪ್ಟೆಂಬರಿನಲ್ಲಿ, ‘ಇ.ಆರ್.’ ಧಾರಾವಾಹಿಯೊಂದಿಗೆ.

ಇದನ್ನು ಬರೆದವರು ‘ಜುರಾಸಿಕ್ ಪಾರ್ಕ್’ ಖ್ಯಾತಿಯ ಮೈಕೇಲ್ ಕ್ರೈಟನ್. ಅವರು ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದಿದವರು. ವಿದ್ಯಾರ್ಥಿಯಾಗಿ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕಂಡದ್ದನ್ನು 1974ರಲ್ಲೇ ಚಿತ್ರಕಥೆಯಾಗಿ ಬರೆದಿಟ್ಟಿದ್ದರು. ತೀರಾ ತಾಂತ್ರಿಕ, ತೀರಾ ಗೊಂದಲ, ತೀರಾ ವೇಗ ಎಂದು ಯಾರೂ ಅದನ್ನು ಮುಟ್ಟಲಿಲ್ಲ. ಇಪ್ಪತ್ತು ವರ್ಷ ಮೂಲೆಯಲ್ಲಿದ್ದ ಆ ಕಥೆ ಹೆಚ್ಚಿನ ಬದಲಾವಣೆಯಿಲ್ಲದೆ ತೆರೆಗೆ ಬಂದಾಗ ಗೆದ್ದದ್ದು ಇದೇ ಮೂರು ‘ದೋಷ’ಗಳಿಂದ ಎಂಬುದು ಸ್ವಾರಸ್ಯಕರ. ಕ್ಯಾಮೆರಾಮನ್ನನ ಮೈಗೆ ಕಟ್ಟಿದ ಸ್ಟೆಡಿಕ್ಯಾಮ್ ಸ್ಟ್ರೆಚರಿನ ಜೊತೆಗೇ ಓಡಿತು. ವೈದ್ಯರು ತಮ್ಮ ಪರಿಭಾಷೆಯಲ್ಲೇ ಮಾತಾಡಿಕೊಂಡರು; ನೋಡುಗರಿಗಾಗಿ ಯಾರೂ ನಿಂತು ಅರ್ಥ ಹೇಳಲಿಲ್ಲ. ನೀವು ರೋಗಿಯ ಜೊತೆಗೆ ಆಸ್ಪತ್ರೆಗೆ ಹೋಗಿದ್ದರೆ ಇದು ನಿಮಗೆ ಗೊತ್ತು. ಅಲ್ಲಿ ನಾವು ಮಾತು ಕೇಳಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ ಮುಖಗಳನ್ನು ಓದುತ್ತೇವೆ. ಧಾರಾವಾಹಿ ಪ್ರೇಕ್ಷಕರನ್ನು ಅದೇ ಜಾಗದಲ್ಲಿ ನಿಲ್ಲಿಸಿತು.

ಆದರೆ ವೇಗವೊಂದೇ ಸಾಲದು. 1995ರ ಮಾರ್ಚ್‌ನಲ್ಲಿ ಪ್ರಸಾರವಾದ ‘ಲವ್ಸ್ ಲೇಬರ್ ಲಾಸ್ಟ್’ ಎಂಬ ಕಂತನ್ನೇ ನೋಡಿ. ತುಂಬು ಗರ್ಭಿಣಿಯೊಬ್ಬಳು ಬರುತ್ತಾಳೆ. ಡಾಕ್ಟರ್ ಮಾರ್ಕ್ ಗ್ರೀನ್ ಜಾಣ, ಸಜ್ಜನ, ರೋಗಿಗಳ ಅಚ್ಚುಮೆಚ್ಚಿನವ. ಮೂತ್ರಕೋಶದ ಸೋಂಕೆಂದು ತಿಳಿದು ಅವಳನ್ನು ಮನೆಗೆ ಕಳುಹಿಸುತ್ತಾನೆ. ನಿಜವಾಗಿ ಅದು ಗರ್ಭಿಣಿಯರಲ್ಲಿ ರಕ್ತದೊತ್ತಡ ಏರಿ ಫಿಟ್ಸ್ ತರುವ ಎಕ್ಲಾಂಪ್ಸಿಯಾದ ಮುನ್ಸೂಚನೆ. ಮುಂದಿನದೆಲ್ಲ ಗಂಟೆಗಟ್ಟಲೆಯ ಹೋರಾಟ. ಮಗು ಉಳಿಯುತ್ತದೆ, ತಾಯಿ ಉಳಿಯುವುದಿಲ್ಲ. ಖಳನಾಯಕನಿಲ್ಲ, ಪವಾಡವೂ ಇಲ್ಲ. ಇದನ್ನು ಬರೆದ ಲ್ಯಾನ್ಸ್ ಜೆಂಟೀಲ್ ಸ್ವತಃ ತುರ್ತು ಚಿಕಿತ್ಸೆಯ ವೈದ್ಯರು. ಈ ಕಂತಿಗಾಗಿ ಅವರಿಗೆ ಎಮ್ಮಿ ಪ್ರಶಸ್ತಿ ದೊರೆಯಿತು. ನಲವತ್ತು ವರ್ಷಗಳ ಹಿಂದೆ ‘ಮೆಡಿಕ್’ಗೆ ಇಂಥ ಕಥೆ ದಕ್ಕುತ್ತಿತ್ತೇ? ಸಂದೇಹವೇ. ಒಳ್ಳೆಯ ವೈದ್ಯನೂ ತಪ್ಪಬಲ್ಲ ಎಂದು ಒಮ್ಮೆ ಕಂಡ ಪ್ರೇಕ್ಷಕರಿಗೆ ಮುಂದಿನ ಪ್ರತಿ ರೋಗಿಯ ವಿಷಯದಲ್ಲೂ ಎದೆ ಹೊಡೆದುಕೊಳ್ಳುತ್ತದೆ. 2009ರವರೆಗೆ, 331 ಕಂತುಗಳ ಕಾಲ ಈ ಧಾರಾವಾಹಿ ಬಾಳಿದ್ದರಲ್ಲಿ ಈ ಭಯದ ಪಾಲು ದೊಡ್ಡದೆಂದು ನನ್ನ ಅನಿಸಿಕೆ.

ಇಷ್ಟು ನಂಬಿಕೆ ಗಳಿಸಿದ ಮೇಲೆ ಸುಳ್ಳೂ ಅದೇ ಬಂಡಿಯಲ್ಲಿ ಪ್ರಯಾಣ ಮಾಡುತ್ತದೆ. 1996ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಮೂವರು ಸಂಶೋಧಕರು ಒಂದು ಲೆಕ್ಕ ಪ್ರಕಟಿಸಿದರು. ‘ಇ.ಆರ್.’ ಸೇರಿದಂತೆ ಮೂರು ಕಾರ್ಯಕ್ರಮಗಳ 97 ಕಂತುಗಳನ್ನು ಕುಳಿತು ನೋಡಿ, ಎದೆ ಒತ್ತಿ ಹೃದಯವನ್ನು ಮತ್ತೆ ಚಾಲೂ ಮಾಡುವ 60 ಪ್ರಸಂಗಗಳನ್ನು ಅವರು ಗುರುತಿಸಿದ್ದರು. ಅವುಗಳಲ್ಲಿ ತಕ್ಷಣಕ್ಕೆ ಬದುಕಿದವರು ಶೇ. 75, ಕೊನೆಗೂ ಉಳಿದವರಂತೆ ತೋರಿಸಲಾದವರು ಶೇ. 67. ನಿಜವಾದ ಆಸ್ಪತ್ರೆಗಳಲ್ಲಿ ಹೀಗೆ ಹೃದಯ ನಿಂತವರಲ್ಲಿ ಬದುಕಿ ಮನೆಗೆ ಹೋಗುತ್ತಿದ್ದವರು ಅವರೇ ಕೊಟ್ಟ ಲೆಕ್ಕದಂತೆ ಶೇ. 15ನ್ನು ಮೀರುತ್ತಿರಲಿಲ್ಲ. ತೀವ್ರ ನಿಗಾ ಘಟಕದ ಹೊರಗೆ ವೃದ್ಧ ತಂದೆಗಾಗಿ ‘ಮುಂದೇನು ಮಾಡೋಣ’ ಎಂಬ ಪ್ರಶ್ನೆಗೆ ಉತ್ತರಿಸಬೇಕಾದ ಮಗನ ಮನಸ್ಸಿನಲ್ಲಿರುವುದು ಈ ಎರಡರಲ್ಲಿ ಯಾವ ಅಂಕಿ?

ಇನ್ನೊಂದನ್ನು ನೀವೇ ಪರೀಕ್ಷಿಸಬಹುದು. ಮಾನಿಟರಿನಲ್ಲಿ ಗೆರೆ ಸಪಾಟಾದ ಕೂಡಲೇ ತೆರೆಯ ವೈದ್ಯರು ವಿದ್ಯುತ್ ಆಘಾತ ಕೊಡುತ್ತಾರೆ, ರೋಗಿ ಚಿಮ್ಮಿ ಏಳುತ್ತಾನೆ. ಆ ಆಘಾತ ಇರುವುದು ಅಡ್ಡಾದಿಡ್ಡಿಯಾಗಿ ಅದುರುತ್ತಿರುವ ಹೃದಯವನ್ನು ಹದಕ್ಕೆ ತರಲು. ಗೆರೆ ಪೂರ್ತಿ ಸಪಾಟಾಗಿದ್ದರೆ ವೈದ್ಯರು ಎದೆಯನ್ನು ಒತ್ತುತ್ತಲೇ ಇರುತ್ತಾರೆ, ಅಡ್ರಿನಲಿನ್ ಕೊಡುತ್ತಾರೆ, ಹೃದಯ ನಿಂತ ಕಾರಣವನ್ನು ಹುಡುಕುತ್ತಾರೆ.