ಬ್ರೌಸರ್ ಪ್ಲಗ್-ಇನ್‌ಗಳ ಸ್ಥಗಿತ: ಆನ್‌ಲೈನ್ ಅರ್ಜಿದಾರರಿಗೆ ಮಾಹಿತಿ

ಡಿಜಿಟಲ್ ಸಹಿ ಅಗತ್ಯವಿರುವ ಆನ್‌ಲೈನ್ ಅರ್ಜಿಗಳನ್ನು ಸಲ್ಲಿಸುವಾಗ ಸಹಿಯ ಹಂತದಲ್ಲಿ ಪುಟವು ಸ್ಥಗಿತಗೊಳ್ಳಲು ಹಳೆಯ ಪ್ಲಗ್-ಇನ್ ತಂತ್ರಜ್ಞಾನವೂ ಒಂದು ಕಾರಣವಾಗಿರಬಹುದು. ಈ ಕುರಿತ ವಿವರಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಕೆಳಗೆ ನೀಡಲಾಗಿದೆ.

1. ಪ್ಲಗ್-ಇನ್ ಎಂದರೇನು?
ಬ್ರೌಸರ್ ಸ್ವತಃ ಮಾಡಲಾಗದ ಕಾರ್ಯಗಳಿಗಾಗಿ ಅದಕ್ಕೆ ಜೋಡಿಸುವ ಪೂರಕ ತಂತ್ರಾಂಶವೇ ಪ್ಲಗ್-ಇನ್. 1990ರ ದಶಕದಲ್ಲಿ ನೆಟ್‌ಸ್ಕೇಪ್ ಬ್ರೌಸರ್‌ಗಾಗಿ ರೂಪಿಸಲಾದ ಎನ್‌ಪಿಎಪಿಐ ಎಂಬ ವ್ಯವಸ್ಥೆಯ ಮೂಲಕ ಜಾವಾ ಆಪ್ಲೆಟ್, ಫ್ಲ್ಯಾಶ್ ಮುಂತಾದವು ಕಾರ್ಯನಿರ್ವಹಿಸುತ್ತಿದ್ದವು. ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಇದೇ ಉದ್ದೇಶಕ್ಕೆ ಆಕ್ಟಿವ್‌ಎಕ್ಸ್ ಬಳಕೆಯಲ್ಲಿತ್ತು.

2. ಸ್ಥಗಿತಕ್ಕೆ ಕಾರಣ
ಎನ್‌ಪಿಎಪಿಐ ಪ್ಲಗ್-ಇನ್‌ಗಳಿಗೆ ಬಳಕೆದಾರರ ಕಡತಗಳನ್ನು ತಲುಪುವ ಅಧಿಕಾರವಿರುತ್ತಿತ್ತು. ಆದುದರಿಂದ ಪ್ಲಗ್-ಇನ್‌ನಲ್ಲಿನ ಒಂದು ದೋಷದಿಂದ ಇಡೀ ಗಣಕಯಂತ್ರವೇ ಅನ್ಯರ ವಶವಾಗುವ ಅಪಾಯವಿತ್ತು.

3. ಸ್ಥಗಿತದ ಹಂತಗಳು
• ಸೆಪ್ಟೆಂಬರ್ 2015: ಕ್ರೋಮ್ 45ನೇ ಆವೃತ್ತಿಯಲ್ಲಿ ಎನ್‌ಪಿಎಪಿಐ ಸಂಪೂರ್ಣವಾಗಿ ರದ್ದು.
• ಮಾರ್ಚ್ 2017: ಫೈರ್‌ಫಾಕ್ಸ್ 52ನೇ ಆವೃತ್ತಿಯಲ್ಲಿ ಫ್ಲ್ಯಾಶ್ ಹೊರತುಪಡಿಸಿ ಉಳಿದ ಪ್ಲಗ್-ಇನ್‌ಗಳಿಗೆ ಬೆಂಬಲ ಅಂತ್ಯ.
• 31 ಡಿಸೆಂಬರ್ 2020: ಫ್ಲ್ಯಾಶ್‌ಗೆ ಅಡೋಬಿ ಸಂಸ್ಥೆಯ ಬೆಂಬಲ ಅಂತ್ಯ.
• 15 ಜೂನ್ 2022: ವಿಂಡೋಸ್ 10ರ ಬಹುತೇಕ ಆವೃತ್ತಿಗಳಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11ಕ್ಕೆ ಬೆಂಬಲ ಅಂತ್ಯ.

4. ಅರ್ಜಿದಾರರು ಗಮನಿಸಬೇಕಾದ ಅಂಶಗಳು
ಅ) ಅರ್ಜಿ ಸಲ್ಲಿಸುವ ಸಲುವಾಗಿ ಬ್ರೌಸರ್‌ನ ಹಳೆಯ ಆವೃತ್ತಿಯನ್ನು ಅಳವಡಿಸಿಕೊಳ್ಳಬಾರದು. ಅಂತಹ ಆವೃತ್ತಿಗಳಿಗೆ ಭದ್ರತಾ ಪರಿಷ್ಕರಣೆಗಳು ದೊರೆಯುವುದಿಲ್ಲ.
ಆ) ಆಪ್ಲೆಟ್‌ಗಳ ಬದಲಿಗೆ ಈಗ ಅನೇಕ ಜಾಲತಾಣಗಳು ಗಣಕಯಂತ್ರದಲ್ಲಿ ಪ್ರತ್ಯೇಕವಾಗಿ ಅಳವಡಿಸುವ ಸಹಿ ತಂತ್ರಾಂಶವನ್ನು ಬಳಸುತ್ತವೆ. ಯುಎಸ್‌ಬಿ ಟೋಕನ್‌ನಲ್ಲಿರುವ ಪ್ರಮಾಣಪತ್ರವನ್ನು ಈ ತಂತ್ರಾಂಶವೇ ಓದಿ ಸಹಿಯನ್ನು ಪುಟಕ್ಕೆ ಒದಗಿಸುತ್ತದೆ. ಇದನ್ನು ಸಂಬಂಧಪಟ್ಟ ಅಧಿಕೃತ ಜಾಲತಾಣದಿಂದ ಮಾತ್ರ ಪಡೆಯತಕ್ಕದ್ದು.
ಇ) ಆಕ್ಟಿವ್‌ಎಕ್ಸ್ ಅವಶ್ಯವಿರುವ ಪುಟಗಳನ್ನು ಮೈಕ್ರೋಸಾಫ್ಟ್ ಎಡ್ಜ್‌ನ ಐಇ ಮೋಡ್‌ನಲ್ಲಿ ತೆರೆಯಬಹುದು. ಈ ಸೌಲಭ್ಯವನ್ನು ಕನಿಷ್ಠ 2029ರವರೆಗೆ ಮುಂದುವರಿಸುವುದಾಗಿ ಸದರಿ ಸಂಸ್ಥೆಯು ಪ್ರಕಟಿಸಿದೆ.
ಈ) ಫ್ಲ್ಯಾಶ್ ಅಳವಡಿಸಿಕೊಳ್ಳುವಂತೆ ಸೂಚಿಸುವ ಸಂದೇಶಗಳನ್ನು ನಂಬಬಾರದು. ಅಡೋಬಿ ಸಂಸ್ಥೆಯು ಸಾರ್ವಜನಿಕರಿಗೆ ಅದರ ವಿತರಣೆಯನ್ನು ನಿಲ್ಲಿಸಿದೆ.
ಉ) ಕೊನೆಯ ದಿನಾಂಕಕ್ಕೆ ಕೆಲವು ದಿನಗಳ ಮುಂಚಿತವಾಗಿಯೇ ಟೋಕನ್ ಹಾಗೂ ಸಹಿಯನ್ನು ಪರೀಕ್ಷಿಸಿಕೊಳ್ಳುವುದು. ಸ್ವೀಕೃತಿ ಸಂಖ್ಯೆ ದೊರೆತ ನಂತರವೇ ಅರ್ಜಿ ಸಲ್ಲಿಕೆಯಾಗಿದೆ ಎಂದು ಭಾವಿಸುವುದು.

5. ತೊಂದರೆ ಎದುರಾದಲ್ಲಿ
ದೋಷ ಸಂದೇಶದ ಚಿತ್ರ, ದಿನಾಂಕ, ಸಮಯ ಹಾಗೂ ಬ್ರೌಸರ್‌ನ ಆವೃತ್ತಿಯನ್ನು ನಮೂದಿಸಿ, ಕೊನೆಯ ದಿನಾಂಕದ ಒಳಗಾಗಿ ಸಂಬಂಧಪಟ್ಟ ಕಚೇರಿಗೆ ಲಿಖಿತವಾಗಿ ತಿಳಿಸಿ, ಅದರ ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳುವುದು. ಟೋಕನ್‌ನ ಗುಪ್ತಸಂಖ್ಯೆಯನ್ನು ಯಾವುದೇ ಕಾರಣಕ್ಕೂ ಯಾರಿಗೂ ತಿಳಿಸಬಾರದು.